ಕುಟ್ಟಾಣಿಯ ಸದ್ದು

ಮೂಗಿನ ಡಾಕ್ಟರ ಕೋಣೆಯ ಹೊರಗೆ ನನ್ನ ಪಕ್ಕದಲ್ಲಿ ಬೇಕರಿ ನಡೆಸುವ ತಾಯಿ, ಮಗಳು ಕೂತಿದ್ದರು. ಮಗಳು ಕೇಕಿನ ಡಬ್ಬಿ ತೆರೆದು ತಾಯಿಯ ಮೂಗಿಗೆ ಹಿಡಿದಳು.

“ಘಮ ಬಂತಾ ಅಮ್ಮಾ?”

“ಊಹೂಂ. ಆ ಜ್ವರ ಬಂದಾಗಿಂದ ಏನೂ ಗೊತ್ತಾಗ್ತಿಲ್ಲ ಕಣೇ.”

“ಮತ್ತೆ ಬೆಳಿಗ್ಗೆ ನಾನು ಏಲಕ್ಕಿ ಕುಟ್ಟಿದಾಗ ಸರಿಯಾಯ್ತು ಅಂತ ತಲೆಯಾಡಿಸಿದ್ರಲ್ಲ?”

“ಸದ್ದು ಕೇಳಿ ತಲೆಯಾಡಿಸಿದ್ದು. ಸಕ್ಕರೆ ಜೊತೆ ಕಾಳು ನುಣ್ಣಗಾದ್ರೆ ಕುಟ್ಟಾಣಿ ಸದ್ದು ಮೆತ್ತಗಾಗುತ್ತೆ. ನಾನು ಸಾಕು ಅನ್ನೋ ಮುಂಚೆ ನೀನೇ ನಿಲ್ಲಿಸಿದೆ.”

“ಹಾಗಾದ್ರೆ ಕಲಿತೆ ಅನ್ನಿ!”

“ನಾನ್ಯಾಕೆ ಅನ್ನಲಿ? ತಿಂದೋರು ಅನ್ನಲಿ.”

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದಳು. “ಅಬ್ಬಾ, ಏನು ಏಲಕ್ಕಿ ಘಮ! ನೀವು ಮಾಡಿದ್ದಾ ಅಮ್ಮಾ?”

“ನಂದಲ್ಲಮ್ಮ, ನನ್ನ ಮಗಳ ಕೈಗುಣ.”

ತಾಯಿ ಡಬ್ಬಿಯನ್ನು ತಾನೇ ಎತ್ತಿಕೊಂಡು ಒಳಗೆ ನಡೆದಳು, ಮುಚ್ಚಳ ಹಾಕದೆ.