ಬಳೆ ಕೇಸಿನ ಮುನಿರಾಮಪ್ಪ

ಅದು ಎಪ್ಪತ್ತೆರಡನೇ ಇಸವಿ ಜುಲೈ ತಿಂಗಳಲ್ಲಿ ಆಗಿದ್ದು ಮೇಡಂ. ಹೂಂ, ಬಳೆ ಕೇಸು. ನಗ್ತಿದೀರ, ನಗಿ ಪರವಾಗಿಲ್ಲ, ಎಲ್ಲರೂ ನಗ್ತಾರೆ. "ನಿಮ್ಮ ಸರ್ವೀಸ್ ವಿಷಯ ಹೇಳಿ ಮುನಿರಾಮಪ್ಪನವರೇ" ಅಂದ್ರಿ. ಹೆಣ್ಣುಮಕ್ಕಳ ಹಾಸ್ಟೆಲಿಗೆ ರಾತ್ರಿ ಕಾವಲಿನವನನ್ನ ತಗೊಳ್ಳೋ ಸೆಕ್ರೆಟರಿ ಕೇಳ್ಬೇಕಾದ್ದೇ ಅದು. ಆದ್ರೆ ಹದಿನೈದು ವರ್ಷ ಮಿಲಿಟರಿ, ಹದಿನೆಂಟು ವರ್ಷ ಪೊಲೀಸು, ಎಲ್ಲ ಸೇರಿ ನಂಗೆ ಹೆಸರು ಬಂದಿದ್ದು ಆ ಒಂದು ಬಳೆಯಿಂದ. ಅದನ್ನ ಬಿಟ್ಟು ಬೇರೆ ಹೇಳಿದ್ರೆ ಸುಳ್ಳು ಹೇಳ್ದಂಗೆ.

ಆ ಕಿಟಕಿ ಹಾಕ್ಬೇಡಿ ಮೇಡಂ, ಬೆಳಕು ಬರ್ಲಿ. ನಿಮ್ಮ ಮುಖ ಕಾಣ್ಲಿ. ಪೊಲೀಸ್ ಬುದ್ಧಿ, ಮುಖ ನೋಡದೆ ಮಾತಾಡಿದ್ರೆ ಸಮಾಧಾನ ಇಲ್ಲ.

ಹೂಂ... ಆ ವರ್ಷ ಮಳೆ ಕೈಕೊಟ್ಟಿತ್ತು. ಊರೆಲ್ಲ ಅದೇ ಮಾತು. ನಾನು ಗಾಂಧಿ ಬಜಾರಲ್ಲಿ ಡ್ಯೂಟಿ ಮೇಲೆ ನಿಂತಿದೀನಿ. ಶಕುಂತಲಮ್ಮ ಅಂತ, ಹೆಡ್‌ಮಾಸ್ಟರ ಹೆಂಡತಿ, ತರಕಾರಿ ಚೀಲ ಹಿಡ್ಕೊಂಡು ಓಡಿ ಬಂದ್ರು. "ಬಳೆ ಹೋಯ್ತು ಕಣಪ್ಪಾ" ಅಂದ್ರು. ನನ್ನ ಗಮನ ಎಲ್ಲಿತ್ತೋ. ಮಳೆ ಹೋಯ್ತು ಅಂದ್ರೇನೋ ಅಂತ ತಿಳ್ಕೊಂಡು ಆಕಾಶ ನೋಡಿ ಹೇಳ್ದೆ, "ಹೋಗ್ಲಿ ಬಿಡಿ ತಾಯಿ, ನಾಳೆ ಸಾಯಂಕಾಲದೊಳಗೆ ಬರುತ್ತೆ."

ಆ ತಾಯಿ ನಂಬ್ಕೊಂಡು ಮನೆಗೆ ಹೋದ್ರು. ಮಾರನೇ ದಿನ ಸಾಯಂಕಾಲ ದಂಟಿನ ಸೊಪ್ಪಿನ ಕಟ್ಟು ಬಿಚ್ಚಿದ್ರೆ ಒಳಗಿಂದ ಚಿನ್ನದ ಬಳೆ ಬಿತ್ತು ಮೇಡಂ. ನನ್ನ ಗ್ರಹಚಾರ. ಹೋಳಿಗೆ ಮಾಡ್ಕೊಂಡು ಸ್ಟೇಷನ್ನಿಗೇ ತಂದ್ರು. "ಈ ಪೊಲೀಸಪ್ಪ ಆಕಾಶ ನೋಡಿ ಹೇಳಿಬಿಟ್ಟ" ಅಂತ ಬಸವನಗುಡಿ ತುಂಬ ಸುದ್ದಿ. ಆಮೇಲೆ ಎಮ್ಮೆ ಕಳ್ಕೊಂಡೋರು ಬಂದ್ರು, ಪೆನ್ನು ಕಳ್ಕೊಂಡೋರು ಬಂದ್ರು. ಅಳಿಯ ಓಡಿಹೋದ ಅಂತ ಒಬ್ಬ ಬಂದ. ಅವನಿಗೂ ನಾಳೆ ಬರ್ತಾನೆ ಅಂದೆ. ಬರ್ಲಿಲ್ಲ. ನಾನಾಗಿದ್ರೂ ಬರ್ತಿರ್ಲಿಲ್ಲ, ಆ ಮಾವನ ಮುಖ ನೋಡಿದ್ರೆ.

ಇನ್ಸ್‌ಪೆಕ್ಟರ್ ಕರೆದು ಬೈದ್ರು. "ಏನಯ್ಯಾ, ಸ್ಟೇಷನ್ನಲ್ಲಿ ಕವಡೆ ಹಾಕ್ತೀಯಂತೆ" ಅಂತ. ಬಳೆ ಕೇಸು ಅನ್ನೋ ಹೆಸರು ಇವತ್ತಿಗೂ ಹೋಗಿಲ್ಲ. ಓಕಳಿಪುರಂನಲ್ಲಿ ನಮ್ಮನೆ ಎಲ್ಲಿ ಅಂತ ಯಾರನ್ನಾದ್ರೂ ಕೇಳಿ. ಎ.ಎಸ್.ಐ. ಮುನಿರಾಮಪ್ಪ ಅಂದ್ರೆ ತೋರಿಸಲ್ಲ, ಬಳೆ ಕೇಸು ಅಂದ್ರೆ ಬಾಗಿಲವರೆಗೂ ಬಿಟ್ಟು ಹೋಗ್ತಾರೆ.

ಏನಂದ್ರಿ... ಹೂಂ, ರೈಲು ಹಳಿ ಪಕ್ಕದಲ್ಲೇ ಮನೆ. ನೆಂಟರು ಬಂದ್ರೆ ಒಂದು ರಾತ್ರಿಗೆ ಎದ್ದು ಓಡ್ತಾರೆ, ಗೂಡ್ಸ್ ಗಾಡಿ ತಲೆ ಮೇಲೆ ಹೋದಂಗಾಗುತ್ತಂತೆ. ನಂಗೆ ಮಗುವಿನ ಥರ ನಿದ್ದೆ. ಅಲ್ಲ, ಮನೇಲಿ ಮೇಡಂ, ಮನೇಲಿ. ಡ್ಯೂಟಿ ಮೇಲೆ ಕಣ್ಣು ಮುಚ್ಚೋನಲ್ಲ. ನಿಮ್ಮ ಹಳೇ ಕಾವಲಿನವನ ವಿಷಯ ನಂಗೆ ಗೊತ್ತು. ಹೋದ ತಿಂಗಳು ಯಾವನೋ ಗೋಡೆ ಹಾರಿ ಬಂದನಂತೆ, ಹುಡುಗಿ ಕೂಗಿದ್ರೂ ಆ ಮಹಾನುಭಾವ ಗೊರಕೆ ಹೊಡೀತಿದ್ನಂತೆ. ದೇವರು ದೊಡ್ಡೋನು, ಹುಡುಗಿಗೆ ಏನೂ ಆಗ್ಲಿಲ್ಲ. ನಾನಾದ್ರೆ ಬೆಳಗಿನವರೆಗೂ ಎಚ್ಚರ ಇರ್ತೀನಿ. ಅದನ್ನ ಬರೆದು ಕೊಡ್ತೀನಿ ಬೇಕಾದ್ರೆ.

ಜೋರಾಗಿ ಮಾತಾಡ್ತಿದೀನಾ? ನಿಮ್ಮ ಟೈಪಿಸ್ಟು ಚೂಡಾಮಣಿಯವರು ಟೈಪ್ ಮಾಡ್ತಾ ಮಾಡ್ತಾ ತಿರುಗಿ ನೋಡಿದ್ರು. ಪೆರೇಡ್ ಗಂಟಲು ತಾಯಿ, ಕ್ಷಮಿಸಿ.

ಮಿಲಿಟರೀಲಿ? ಫಿರಂಗಿ. ಅರವತ್ತೈದರ ಯುದ್ಧದಲ್ಲಿದ್ದೆ. ಎಷ್ಟು ಜನ ಶತ್ರುಗಳನ್ನ ನೋಡಿದೆ ಅಂತ ನಮ್ಮ ಬೀದಿ ಜನ ಕೇಳ್ತಾರೆ. ನಾನು ನೋಡಿದ್ದು ಒಂದು ಕಬ್ಬಿನ ಗದ್ದೆ. ಅದರಾಚೆ ಶತ್ರು ಇದಾನೆ ಅಂತ ಸಾಹೇಬ್ರು ಹೇಳಿದ್ರು, ನಾವು ಹೊಡೆದ್ವಿ. ನಾನು ಗುಂಡು ತುಂಬೋನು. ಹೊಡೆಯೋವಾಗ ಎಲ್ಲರೂ ಕಿವಿ ಮುಚ್ಕೊಳ್ತಾರೆ. ತುಂಬೋನಿಗೆ ಎರಡೂ ಕೈ ಕೆಲಸದಲ್ಲಿ... ಬಿಡಿ ಅದು. ಕೊನೆಗೆ ಪದಕ ಕೊಟ್ರು. ಅಲ್ಲಿದ್ದವರಿಗೆಲ್ಲ ಕೊಟ್ರು, ಅಡುಗೆಯವನಿಗೂ ಕೊಟ್ರು. ಅವನ ಚಪಾತಿ ತಿಂದಿದ್ರೆ ಅವನಿಗೆ ಎರಡು ಕೊಡ್ತಿದ್ರಿ.

ಏನು ಹುಡುಕ್ತಿದೀರ ಮೇಡಂ, ಬೀರು ಹತ್ರ? ಹುಡುಕಿ, ಹುಡುಕಿ. ನಾನು ಹೇಳ್ತಿರ್ತೀನಿ. ಪೊಲೀಸಲ್ಲಿ ಇನ್ನೊಂದಾಯ್ತು. ಕಾಟನ್‌ಪೇಟೆಯಲ್ಲಿ ಕದ್ದ ಬಟ್ಟೆ ಬೇಲು ಹಿಡಿಯೋಕೆ ಹೋಗಿದ್ವಿ. ಬೇಲು ಒಳಗಿತ್ತು, ನಾನು ಬಾಗಿಲಲ್ಲಿ ನಿಂತಿದೀನಿ. ಇನ್ಸ್‌ಪೆಕ್ಟರ್ ಜೀಪಿಂದ ಇಳೀತಾನೇ "ಮಾಲು ಎಲ್ಲಯ್ಯಾ" ಅಂದ್ರು. ನಾನು ಪಾಲು ಅಂತ ತಿಳ್ಕೊಂಡೆ. ಎದೆ ಉಬ್ಬಿಸಿ ಹೇಳ್ದೆ, "ನಾನು ಪಾಲು ಮುಟ್ಟೋನಲ್ಲ ಸಾರ್, ಬೇಕಾದ್ರೆ ಜೇಬು ನೋಡ್ಕೊಳ್ಳಿ." ಅಲ್ಲಿ ಪೇಟೆ ಜನವೆಲ್ಲ ನಿಂತಿದಾರೆ. ಯಾರೋ ಒಬ್ಬ "ಹಾಗಾದ್ರೆ ಯಾರು ಮುಟ್ತಾರೆ" ಅಂತ ಕೇಳೇಬಿಟ್ಟ. ಇನ್ಸ್‌ಪೆಕ್ಟರ್ ಮುಖ ನೋಡ್ಬೇಕಿತ್ತು... ಸಿಕ್ಕಿತಾ ಮೇಡಂ? ಕೈಯಲ್ಲಿ ಏನೂ ಇಲ್ವಲ್ಲ. ಯಾಕೆ ಹಾಗೆ ನೋಡ್ತೀರ? ಏನಾದ್ರೂ ಕೇಳಿದ್ರಾ ಅಲ್ಲಿಂದ? ಇಲ್ಲ ತಾನೇ. ಸರಿ, ಸರಿ.

ಅದಕ್ಕೆ ಶಿಕ್ಷೆ ಅಂತ ನನ್ನನ್ನ ಬಂದೋಬಸ್ತಿಗೆ ಹಾಕಿದ್ರು. ಚಾಮರಾಜಪೇಟೆ ರಾಮನವಮಿ ಸಂಗೀತದ ಪೆಂಡಾಲು. ಪ್ರತಿ ಸಾಯಂಕಾಲ ಮೂರು ಗಂಟೆ ವೇದಿಕೆ ಪಕ್ಕದಲ್ಲಿ ನಿಲ್ಬೇಕು. ನಂಗೂ ಸಂಗೀತಕ್ಕೂ ಏನು ಸಂಬಂಧ. ಸುಮ್ನೆ ನಿಂತ್ರೆ ಬೇಜಾರು, ಮೃದಂಗದವನ ಬೆರಳು ನೋಡ್ಕೊಂಡು ತಲೆ ಆಡಿಸ್ತಿದ್ದೆ. ಬೆರಳು ಜೋರಾದ್ರೆ ನಾನೂ ಜೋರು, ನಿಂತ್ರೆ ನಾನೂ "ಆಹಾ." ಮುಂದಿನ ಸಾಲಲ್ಲಿ ಶ್ರೀನಿವಾಸಯ್ಯ ಅಂತ ಒಬ್ಬ ಹಿರಿಯರು ಕೂರ್ತಿದ್ರು. ದೊಡ್ಡ ವಿದ್ವಾಂಸರಂತೆ. ಅವರು ನಮ್ಮ ಸಾಹೇಬ್ರ ಹತ್ರ ಹೋಗಿ "ನಿಮ್ಮ ಇಲಾಖೇಲಿ ಇಂಥಾ ರಸಿಕ ಇದಾನಲ್ಲ, ತಾಳ ಎಲ್ಲೂ ತಪ್ಪಲಿಲ್ಲ" ಅಂದ್ರಂತೆ. ಮಾರನೇ ವರ್ಷದಿಂದ ನಂಗೆ ಕುರ್ಚಿ ಹಾಕಿದ್ರು. ಕಚೇರಿ ಮುಗಿದ ಮೇಲೆ ಅವರು ನನ್ನ ಅಭಿಪ್ರಾಯ ಬೇರೆ ಕೇಳೋರು. ಪಿಟೀಲು ಸ್ವಲ್ಪ ಅವಸರ ಆಯ್ತು ಅಂತಿದ್ದೆ. ದಿನಾ ಅದೇ ಅಂತಿದ್ದೆ. ದಿನಾ ಹೌದು ಹೌದು ಅಂತಿದ್ರು.

ಕೆಲಸ ಯಾಕೆ ಬೇಕು ಅಂದ್ರೆ... ಪೆನ್ಷನ್ ಬರುತ್ತೆ ಮೇಡಂ, ಊಟಕ್ಕೆ ತೊಂದ್ರೆ ಇಲ್ಲ. ಹೋದ ವರ್ಷ ರಿಟೈರಾದೆ. ಅವತ್ತಿಂದ ಬೆಳಿಗ್ಗೆ ಎದ್ದು ಬೆಲ್ಟ್ ಪಾಲಿಷ್ ಮಾಡ್ತೀನಿ, ಮತ್ತೆ ಮೊಳೆಗೆ ನೇತು ಹಾಕ್ತೀನಿ. ನಮ್ಮನೆಯವಳು ಮಾರಕ್ಕ ನೋಡಿ ನೋಡಿ ಸಾಕಾಗಿ, "ಅದನ್ನ ಕಟ್ಕೊಳ್ಳೋ ಜಾಗ ಎಲ್ಲಾದ್ರೂ ನೋಡ್ಕೊಳ್ಳಿ" ಅಂದ್ಲು. ನಿಮ್ಮ ಹಾಸ್ಟೆಲ್ ವಿಷಯ ಅವಳೇ ಹೇಳಿದ್ದು. ನಿಮ್ಮ ಕಾಗದ ಬಂದ ದಿನವೇ ಬೀದಿ ಪೂರ್ತಿ ಕೆಲಸ ಸಿಕ್ತು ಅಂತ ಸಾರಿಬಿಟ್ಟಿದಾಳೆ. ಈಗ ಸಿಗದೆ ಹೋದ್ರೆ ಮನೆಗೆ ಹೇಗೆ ಹೋಗೋದು ಅಂತ ನಿಜವಾಗ್ಲೂ ಭಯ. ಅವಳ ದೂರು ಒಂದೇ. ನನ್ ಗಂಡ ಮಾತೇ ಕೇಳಲ್ಲ ಅಂತ. ಯಾವ ಗಂಡ ಕೇಳ್ತಾನೆ ಹೇಳಿ.

ನಗಲಿಲ್ಲ ನೀವು ಈ ಸಲ.

ಸರಿ, ನಂದೇ ಆಯ್ತು. ನೀವು ಹೇಳಿ ಮೇಡಂ... ಹೂಂ. ಒಂಬತ್ತು ಗಂಟೆಗೆ ಗೇಟ್ ಹಾಕ್ಬೇಕು. ಸರಿ... ಭಾನುವಾರ ಅಪ್ಪ ಅಮ್ಮ ನೋಡೋಕೆ ಬರ್ತಾರೆ. ಸರಿ, ಕೂರಿಸ್ತೀನಿ... ನಾಯಿ? ನಾಯಿ ಸಾಕಿದೀರಾ? ಹಿತ್ತಲಲ್ಲಿರುತ್ತೆ. ಒಳ್ಳೇದಾಯ್ತು, ನಂಗೆ ಅರ್ಧ ಕೆಲಸ ಕಮ್ಮಿ... ಏನು ಮೇಡಂ, ನಿಲ್ಲಿಸಿಬಿಟ್ರಿ? ಚೂಡಾಮಣಿಯವರೇ, ನೀವ್ಯಾಕೆ ಟೈಪ್ ಬಿಟ್ಟು ಇವರ ಬಾಯನ್ನೇ ನೋಡ್ತಿದೀರ?

ಓ.

ಇಷ್ಟು ಹೊತ್ತು ನೀವು ಧ್ವನಿನೇ ತೆಗೀಲಿಲ್ಲ, ಅಲ್ವಾ ಮೇಡಂ. ಬರೀ ತುಟಿ ಆಡಿಸಿದ್ರಿ. ಗೇಟಿಗೂ, ಭಾನುವಾರಕ್ಕೂ, ನಾಯಿಗೂ. ನಾನು ಎಲ್ಲದಕ್ಕೂ ಸರಿ ಸರಿ ಅಂತ ತಲೆ ಆಡಿಸಿದೆ.

ಯಾವಾಗ ಅನುಮಾನ ಬಂತು? ಬೀರು ಹತ್ರ ಬೆನ್ನು ತಿರುಗಿಸ್ಕೊಂಡು ಕೇಳಿದಾಗ್ಲಾ... ಅದಕ್ಕೂ ಮುಂಚೆನಾ? ಬಳೆ ಕಥೇಲೇನಾ? ಹೂಂ. ಸೆಕ್ರೆಟರಿ ಆಗೋ ಮುಂಚೆ ಮಕ್ಕಳಿಗೆ ಅಕ್ಷರ ಕಲಿಸಿದ ಮೇಷ್ಟ್ರಮ್ಮ ನೀವು. ಪ, ಬ, ಮ, ಮೂರಕ್ಕೂ ತುಟಿ ಒಂದೇ ಥರ ಮುಚ್ಚುತ್ತೆ. ಬಳೆ ಅಂದ್ರೂ ಮಳೆ ಅಂದ್ರೂ ನೋಡೋನಿಗೆ ವ್ಯತ್ಯಾಸ ಇಲ್ಲ. ಹದಿನೆಂಟು ವರ್ಷ ಪೊಲೀಸಾಗಿದ್ದೋನು, ನನ್ನ ಕೇಸನ್ನ ನಾನೇ ಸಾಕ್ಷಿ ಸಮೇತ ತಂದು ನಿಮ್ಮ ಮೇಜಿನ ಮೇಲೆ ಇಟ್ಟೆ.

ನಾನೇ ನನ್ನನ್ನ ಪೆದ್ದ ಅಂದ್ಕೊಂಡ್ರೆ ಜನ ನಕ್ಕು ಸುಮ್ಮನಾಗ್ತಾರೆ ಮೇಡಂ. ಕಿವುಡ ಅಂತ ಯಾರಿಗೂ ಹೊಳೆಯಲ್ಲ. ನಾನು ಮಾತಾಡ್ತಾ ಇರೋವರೆಗೆ ಕೇಳಿಸ್ಕೊಳ್ಳೋ ಕೆಲಸವೂ ಇಲ್ಲ. ಫಿರಂಗಿಯಿಂದ ಆಗಿದ್ದು. ಮೊದಲು ಎಡಗಿವಿ, ಪೊಲೀಸಿಗೆ ಸೇರಿದ ಮೇಲೆ ಬಲಗಿವೀನೂ ಹೋಯ್ತು. ಸ್ಟೇಷನ್ನಲ್ಲಿ ನನ್ನ ಜೊತೆ ಪೇದೆ ಸೊಣ್ಣಪ್ಪ ಒಬ್ಬನಿಗೆ ಬಾಯಿಬಿಟ್ಟು ಹೇಳಿದ್ದೆ, ಸಾಹೇಬ್ರ ಹಿಂದೆ ನಿಂತು ಕೈಸನ್ನೆ ಮಾಡೋನು. ಅವತ್ತೇ ಹೇಳಿದ್ರೆ ಮನೆಗೆ ಕಳಿಸೋರು. ಬೆಲ್ಟ್ ಅವತ್ತೇ ಮೊಳೆಗೆ ಹೋಗಿರೋದು.

ಇಲ್ಲ, ಏನೂ ಹೇಳ್ಬೇಡಿ. ನಂಗೆ ಗೊತ್ತು. ಎಚ್ಚರ ಇರ್ತೀನಿ ಅಂದೆನಲ್ಲ, ಅದು ಸುಳ್ಳಲ್ಲ. ನಿಜವಾಗ್ಲೂ ಇರ್ತೀನಿ. ಮೇಲೆ ಹುಡುಗಿ ಕೂಗ್ತಿರ್ತಾಳೆ, ನಾನು ಕೆಳಗೆ ಗೇಟಲ್ಲಿ ಬೆಲ್ಟ್ ಕಟ್ಕೊಂಡು ಎಚ್ಚರವಾಗಿ ಕೂತಿರ್ತೀನಿ. ನಿಮ್ಮ ಹಳೇ ಕಾವಲಿನವನೇ ವಾಸಿ. ನಿದ್ದೆ ಮಾಡೋನನ್ನ ಕೂಗಿ ಎಬ್ಬಿಸಬಹುದು.

ಇದು ಇಲ್ಲಿಗೆ ಬರೋ ಮೊದ್ಲೇ ಗೊತ್ತಿತ್ತು ಮೇಡಂ. ಬಸ್ಸಲ್ಲೂ ಅದೇ ಯೋಚನೆ. ಆದ್ರೂ ಬಂದೆ.

ಬರ್ತೀನಿ. ಮಾರಕ್ಕನಿಗೆ ಸಂಬಳ ಒಪ್ಪಿಗೆ ಆಗ್ಲಿಲ್ಲ ಅಂತೀನಿ, ಸ್ವಲ್ಪ ಗೌರವ ಇರುತ್ತೆ. ಚೂಡಾಮಣಿಯವರೇ, ಬರ್ತೀನಮ್ಮಾ...

ಏನು? ಅವರು ಕೂತ್ಕೊಳ್ಳಿ ಅಂತ ಕೈ ತೋರಿಸ್ತಿದಾರೆ. ನೀವು ಏನೋ ಅಂದ್ರಿ ಅನ್ಸುತ್ತೆ ಮೇಡಂ. ತಲೆ ಬಗ್ಗಿಸಿ ಕನ್ನಡಕ ಒರೆಸ್ತಾ ಅಂದ್ರಿ, ಬರೀ ಗಲ್ಲ ಆಡಿದ್ದು ಕಂಡಿತು.

ನಂಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ.

ಪರವಾಗಿಲ್ಲ, ನಿಧಾನವಾಗಿ ಹೇಳಿ, ಕಾಯ್ತೀನಿ. ಕೇಳಿಸ್ಲಿಲ್ಲ ಅಂತ ಒಬ್ಬರಿಗೆ ಹೇಳಿ ಎಷ್ಟು ವರ್ಷ ಆಯ್ತು ಅಂತ ಲೆಕ್ಕ ಹಾಕ್ತಿದ್ದೆ. ಹದಿನಾರು.