ಮೂಡಲಪಾಳ್ಯದ ಸ್ಟುಡಿಯೋದಲ್ಲಿ ಆಲ್ಬಮ್ ಆರಿಸಿದ್ದು

ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಸಿಕೊಂಡ ಭಾಗವ್ವ ಪ್ರಿಂಟಿಗಾಗಿ ಕಾಯುತ್ತ ಸ್ಟುಡಿಯೋದ ಕುರ್ಚಿಯಲ್ಲಿ ಕೂತಿದ್ದಳು. ಪಕ್ಕದ ಕಂಪ್ಯೂಟರಿನ ಮುಂದೆ ಒಬ್ಬ ಅತ್ತೆ, ಒಬ್ಬ ಹೊಸ ಸೊಸೆ. ಸ್ಟುಡಿಯೋದವನು ಮದುವೆಯ ಫೋಟೋಗಳನ್ನು ಒಂದೊಂದಾಗಿ ತೋರಿಸುತ್ತಿದ್ದ.

"ಇದ್ಯಾರೇ, ರಬ್ಬರ್ ಚಪ್ಪಲೀಲೇ ಸ್ಟೇಜ್ ಹತ್ತಿರೋದು?" ಎಂದರು ಅತ್ತೆ.

"ಅತ್ತೆ, ಅವರು ನಮ್ಮ ಸೋದರಮಾವ."

"ಆಲ್ಬಮ್‌ಗೆ ಬೇಡ. ಮುಂದಕ್ಕೆ ಹೋಗಪ್ಪ."

ಭಾಗವ್ವ ತನ್ನ ಕಾಲುಗಳನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಎಳೆದುಕೊಂಡಳು.

"ಇದರಲ್ಲಿ ನಮ್ಮಮ್ಮ ಇದಾರೆ," ಎಂದಳು ಸೊಸೆ.

"ಆ ಸೀರೆ ನೋಡು, ಬಣ್ಣ ಹೋಗಿರೋದು. ಇವ್ರೇ ನಮ್ಮ ಬೀಗರು ಅಂತ ಯಾರಿಗೆ ತೋರಿಸ್ಲಿ? ತೆಗಿಯಪ್ಪ ಅದನ್ನ."

ಸ್ಟುಡಿಯೋದವನು ತಡವರಿಸಿದ. "ಆಂಟಿ, ಹುಡುಗಿ ತಾಯಿ ಇರೋದು ಇದೊಂದೇ ಫೋಟೋ."

"ಒಂದೇ ಆದ್ರೆ ಸುಲಭ ಆಯ್ತಲ್ಲ."

ಸೊಸೆ ಸ್ಟುಡಿಯೋದವನ ಕಡೆ ತಿರುಗಿದಳು. "ಅಣ್ಣ, ಹಂಗೇ ನಾನಿರೋ ಫೋಟೋನೂ ಎಲ್ಲಾ ತೆಗೆದುಬಿಡಿ."

"ಏನೇ ಚೈತ್ರಾ? ಹೆಣ್ಣೇ ಇಲ್ದೆ ಮದುವೆ ಆಲ್ಬಮ್ಮಾ?"

"ನೀವೂ ನಿಮ್ಮ ಮಗನೂ ಇದೀರಲ್ಲ ಅತ್ತೆ. ಇಬ್ರದ್ದೇ ಹಾಕ್ಸಿ. ನಿಮ್ಮ ಸೀರೆನೂ ಚೆನ್ನಾಗಿದೆ."

ಸ್ಟುಡಿಯೋದವನು ಕೆಮ್ಮಿ ನಗು ಮುಚ್ಚಿಕೊಂಡ. ಭಾಗವ್ವ ಮುಚ್ಚಿಕೊಳ್ಳಲಿಲ್ಲ. ಅತ್ತೆ ಅವಳನ್ನು ದುರುಗುಟ್ಟಿ ನೋಡಿ ಎದ್ದುನಿಂತರು.

"ಆಯ್ತು, ಇವಳಮ್ಮನ ಫೋಟೋನೂ ಹಾಕಪ್ಪ. ಮೂಲೇಲಿ ಎಲ್ಲಾದ್ರೂ ಚಿಕ್ಕದಾಗಿ ಹಾಕು." ಅಷ್ಟು ಹೇಳಿ ಬಾಗಿಲು ದಾಟಿದರು.

ಅವರ ಹಿಂದೆಯೇ ಹೊರಟ ಚೈತ್ರ ಹೊಸ್ತಿಲಲ್ಲಿ ತಿರುಗಿದಳು.

"ಪೂರ್ತಿ ಪೇಜು, ಅಣ್ಣ."