ಹಣೆಯ ಮೇಲಿನ 12-45

ಹೆಸರು: ಸೇವಾ ಪುಸ್ತಕದಲ್ಲಿ ಇರುವಂತೆ. ಶಿಬಿರದಲ್ಲಿ ಎಲ್ಲರೂ ಕರೆಯುವುದು ಕಂಪೌಂಡರ್ ಎಂದು.
ವಯಸ್ಸು: 34 ವರ್ಷ.
ಉದ್ಯೋಗ: ಸೇನೆಯ ವೈದ್ಯಕೀಯ ಸಹಾಯಕ, ಸೇವೆ ಹನ್ನೆರಡು ವರ್ಷ.
ವಾಸ: ಹೊರದೇಶದಲ್ಲಿರುವ ನಮ್ಮ ಶಿಬಿರದ ಔಷಧಾಲಯದ ಹಿಂದಿನ ಕೋಣೆ, ಒಂಬತ್ತು ತಿಂಗಳಿಂದ.

ಯಾರ ಒತ್ತಾಯವೂ ಇಲ್ಲದೆ, ಇದ್ದ ಒತ್ತಾಯಕ್ಕೂ ಬಗ್ಗದೆ, ನಾನು ಹೇಳಿ ಬರೆಸುವುದೇನೆಂದರೆ:

ನಾನು ದಿನವೂ 5-30ಕ್ಕೆ ಎದ್ದು ಕತ್ತರಿ, ಚಿಮಟ ಕುದಿಸಿ ಇಡುತ್ತೇನೆ. 6-00ರಿಂದ 8-00ರವರೆಗೆ ರೋಗಿಗಳ ಸಾಲು. ಹೊಟ್ಟೆನೋವು, ಕಾಲ್ಬೆರಳ ಹುಣ್ಣು, ಮನೆ ನೆನಪಾಗಿ ಬರುವ ತಲೆನೋವು. ಮೂರಕ್ಕೂ ಅದೇ ಬಿಳಿ ಮಾತ್ರೆ ಕೊಡ್ತೀಯಲ್ಲೋ ಎಂದು ಅಡುಗೆಯವನು ಹಂಗಿಸುತ್ತಾನೆ. ನಿನ್ನ ಅಡುಗೆಯೂ ಮೂರು ಹೊತ್ತು ಒಂದೇ ರುಚಿ ಅಲ್ವೇನಪ್ಪಾ ಎಂದು ನಾನು ಹೇಳುತ್ತೇನೆ.

ನಮ್ಮ ಕೆಲಸದಲ್ಲಿ ಒಂದು ಕ್ರಮವಿದೆ. ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ ಗಾಯದ ಮೇಲುಗಡೆ ಪಟ್ಟಿ ಬಿಗಿಯಬೇಕು. ಬಿಗಿದ ಸಮಯವನ್ನು ಗಾಯಾಳುವಿನ ಹಣೆಯ ಮೇಲೆ ಬರೆಯಬೇಕು. ಕಾಗದ ಕಳೆದುಹೋಗುತ್ತದೆ, ಹಣೆ ಕಳೆದುಹೋಗುವುದಿಲ್ಲ. ಎರಡು ಗಂಟೆ ದಾಟಿದ ಪಟ್ಟಿಯನ್ನು ಡಾಕ್ಟರು ಸುಮ್ಮನೆ ಸಡಿಲಿಸುವಂತಿಲ್ಲ. ಕಾಲಿನಲ್ಲಿ ಕಟ್ಟಿ ನಿಂತ ಕೆಟ್ಟ ರಕ್ತ ಒಮ್ಮೆಲೇ ಮೇಲಕ್ಕೆ ನುಗ್ಗಿ ಹೃದಯ ನಿಲ್ಲುತ್ತದೆ. ಆದ್ದರಿಂದ ಡಾಕ್ಟರು ಮೊದಲು ನೋಡುವುದು ಹಣೆಯನ್ನು.

ನನ್ನ ಕೈಗಡಿಯಾರ ಮನೆಯ ಸಮಯ ತೋರಿಸುತ್ತಿತ್ತು. ಅದು ಇಲ್ಲಿಯದಕ್ಕಿಂತ ಮೂರೂವರೆ ಗಂಟೆ ಮುಂದೆ. ಶಿಬಿರದಲ್ಲಿ ಅರ್ಧಕ್ಕರ್ಧ ಜನ ಹೀಗೆಯೇ ಇಟ್ಟುಕೊಂಡಿದ್ದಾರೆ. ಹೊರಡುವ ದಿನ ಎಂಟು ವರ್ಷದ ಮಗಳು, ಅಪ್ಪಾ, ಇದನ್ನ ತಿರುಗಿಸಬೇಡ, ನಾನು ಊಟಕ್ಕೆ ಕೂತಿದ್ದು ನಿಂಗೆ ಗೊತ್ತಾಗ್ಬೇಕು ಎಂದಿದ್ದಳು. ಅವಳ ಶಾಲೆಯ ಊಟದ ಗಂಟೆ ಹೊಡೆಯುವುದು 12-45ಕ್ಕೆ. ಕೆಲಸದ ವೇಳೆ ಮನಸ್ಸಿನಲ್ಲೇ ಮೂರೂವರೆ ಕಳೆದು ಬರೆಯುತ್ತಿದ್ದೆ. ಒಂಬತ್ತು ತಿಂಗಳಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಶಿಬಿರದ ಬಟ್ಟೆ ಒಗೆಯುವವರು ಈ ನೆಲದ ಐವರು ಹೆಂಗಸರು. ಅವರಲ್ಲಿ ಹಿರಿಯವಳನ್ನು ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ಆ ಪದದ ಅರ್ಥ ಅವಳಿಗೆ ಗೊತ್ತಿರಲಿಲ್ಲ, ಆದರೆ ಕರೆದರೆ ತಿರುಗಿ ನೋಡುತ್ತಿದ್ದಳು. ನನ್ನ ಅಂಗಿಯ ಗುಂಡಿ ಕಿತ್ತಿದ್ದರೆ ಹೇಳದೆಯೇ ಹೊಲಿದು ಕಳಿಸುತ್ತಿದ್ದಳು.

ದಿನಾಂಕ 14ರಂದು ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು. 9-00ರಿಂದ 12-00ರವರೆಗೆ ಹೊರಗಿನವರಿಗೆ ಗೇಟು ತೆರೆಯಕೂಡದೆಂದು ಆಡಳಿತದ ಅಧಿಕಾರಿ ಆಜ್ಞೆ ಮಾಡಿದ್ದರು. 9-10ಕ್ಕೆ ಶಿಬಿರದ ನೀರಿನ ಟ್ಯಾಂಕರು ಗೇಟಿನಿಂದ ಹೊರಕ್ಕೆ ಹಿಮ್ಮುಖವಾಗಿ ಬಂದು ದೊಡ್ಡಮ್ಮನಿಗೆ ಗುದ್ದಿತು. ಆ ಜಾಗ ಗೇಟಿನಿಂದ ಹದಿನಾರು ಹೆಜ್ಜೆ. ನಾನು ಅಳೆದಿದ್ದೇನೆ.

ನಾನು ಓಡಿ ಹೋದೆ. ಎಡತೊಡೆ ಬಿರಿದಿತ್ತು. ಪಟ್ಟಿ ಬಿಗಿದೆ, ರಕ್ತ ನಿಂತಿತು. ನನ್ನ ಪೆನ್ನು ಒಣಗಿತ್ತು. ಅವಳ ಗಂಟಿನಲ್ಲಿ ಬಟ್ಟೆಗೆ ಗುರುತು ಹಾಕುವ ಪೆನ್ನು ಇತ್ತು, ಎಷ್ಟು ಒಗೆದರೂ ಹೋಗದ ಶಾಯಿಯದು. ಅದರಿಂದ ಹಣೆಯ ಮೇಲೆ ಬರೆದೆ. ಅವಳು ಅಲುಗಾಡದೆ, ನನ್ನ ಮಣಿಕಟ್ಟಿನ ಗಡಿಯಾರವನ್ನೇ ನೋಡುತ್ತಿದ್ದಳು. ಆಗ ಇಲ್ಲಿಯ ಸಮಯ 9-15. ನಾನು ಬರೆದದ್ದು 12-45. ಬರೆದದ್ದು ನನಗೆ ತಿಳಿಯಲಿಲ್ಲ. ಮಗಳು ಊಟಕ್ಕೆ ಕೂತಳು ಎಂದು ಮಾತ್ರ ತಿಳಿಯಿತು.

ಒಳಗೆ ತರೋಣ ಎಂದೆ. ಆಜ್ಞೆ ಗೊತ್ತಲ್ಲ ಕಂಪೌಂಡರೇ, ಸಾಹೇಬರ ಗಾಡಿ ಬರೋ ದಾರಿಲಿ ರಕ್ತ ಚೆಲ್ಲೋಕಾಗುತ್ತಾ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಎಂದು ಗೇಟಿನ ಹವಾಲ್ದಾರ ಹೇಳಿದ. ಅವಳನ್ನು ಗೋಡೆಯ ನೆರಳಿಗೆ ಸರಿಸಿದರು. ಟ್ಯಾಂಕರಿನ ನೀರಿನಲ್ಲೇ ರಸ್ತೆ ತೊಳೆದರು. 9-30ಕ್ಕೆ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಔಷಧಿ ಚೀಲದೊಂದಿಗೆ ಸಾಲಿನಲ್ಲಿ ನಿಂತೆ. ಅಲ್ಲಿಂದ ಗೋಡೆ ಕಾಣುತ್ತಿತ್ತು, ಅವಳು ಕಾಣುತ್ತಿರಲಿಲ್ಲ. ಒಂದು ಜೀವ ಹೊರಗೆ ಬಿದ್ದಿರುವಾಗ ನಾನು ಒಳಗೆ ಎದೆ ಉಬ್ಬಿಸಿ ನಿಂತಿದ್ದೆ. ಇದನ್ನೂ ಬರೆದುಕೊಳ್ಳಿ. 11-50ಕ್ಕೆ ಸಾಹೇಬರನ್ನು ಆರು ಕಿಲೋಮೀಟರು ದೂರದ ಸೇತುವೆಯವರೆಗೆ ಬಿಟ್ಟುಬರಲು ನನ್ನನ್ನು ಗಾಡಿ ಹತ್ತಿಸಿದರು.

12-10ಕ್ಕೆ ಅವಳನ್ನು ಒಳಗೆ ತಂದರಂತೆ. ಮುಂದಿನದನ್ನು ಡಾಕ್ಟರೇ ನನಗೆ ಹೇಳಿದರು. ಅವರು ಹಣೆ ನೋಡಿದರು, ಗೋಡೆ ಗಡಿಯಾರ ನೋಡಿದರು. 12-45 ಇನ್ನೂ ಆಗೇ ಇಲ್ವಲ್ರೀ ಎಂದರು. ಯಾವಾಗ ಕಟ್ಟಿದ್ದು ಎಂದು ಕೇಳಿದ್ದಕ್ಕೆ ಗೇಟಿನ ಹವಾಲ್ದಾರ, ಈಗ್ಲೇ ಸಾರ್, ಈಗ್ಲೇ ಎಂದ. ಹಾಗಾದರೆ 11-45 ಎಂದು ಬರೆಯಹೋಗಿ ತಪ್ಪಿದ್ದಾನೆ ಎಂದು ಡಾಕ್ಟರು ತಿಳಿದರು. ಬಿಸಿಲಿಗೆ ತಲೆ ಸುತ್ತಿ ಬಿದ್ದ ಇಬ್ಬರು ಸೈನಿಕರನ್ನು ಮೊದಲು ನೋಡಿದರು. ಕಟ್ಟಿ ಇನ್ನೂ ಒಂದು ಗಂಟೆಯೂ ಆಗಿಲ್ಲವೆಂದುಕೊಂಡು 12-43ಕ್ಕೆ ಪಟ್ಟಿ ಸಡಿಲಿಸಿದರು. ಗೋಡೆ ಗಡಿಯಾರದಲ್ಲಿ 12-45 ಆದಾಗ ಅವಳ ಉಸಿರು ನಿಂತಿತು. ನಾನು ಬರೆದ ಅಂಕಿಗೆ ಒಂದು ನಿಮಿಷ ಆಚೆಯಿಲ್ಲ, ಈಚೆಯಿಲ್ಲ.

ನಾನು 12-50ಕ್ಕೆ ಬಂದೆ. ಸ್ಪಿರಿಟ್ಟಿನಲ್ಲಿ ಮೂರು ಸಲ ಉಜ್ಜಿದೆ. ಅಂಕಿ ಹೋಗಲಿಲ್ಲ. ಉಳಿದ ನಾಲ್ವರು ಹೆಂಗಸರು ಬಂದು ಬಾಗಿ ಹಣೆಯನ್ನು ಬಹಳ ಹೊತ್ತು ನೋಡಿದರು. ಯಾರೂ ಅಳಲಿಲ್ಲ. ದೇಹ ಎತ್ತಿಕೊಂಡು ಹೋದರು.

16ರಂದು ಸಂಜೆ ಆಡಳಿತದ ಅಧಿಕಾರಿ ನನ್ನನ್ನು ಕರೆಸಿ, ಬೆರಳಚ್ಚಾಗಿದ್ದ ಕಾಗದವನ್ನೂ ಹಣೆಯ ಫೋಟೋವನ್ನೂ ಮುಂದಿಟ್ಟರು. ಹೆಂಗಸು ಎಲ್ಲೋ ಗಾಯಗೊಂಡು 12-40ಕ್ಕೆ ಗೇಟಿಗೆ ಬಂದಳು, 12-45ಕ್ಕೆ ಪಟ್ಟಿ ಕಟ್ಟಲಾಯಿತು, ಚಿಕಿತ್ಸೆ ಫಲಕಾರಿಯಾಗದೆ ತೀರಿಕೊಂಡಳು ಎಂದಿತ್ತು. ನಿನ್ನ ಕೈಬರಹವೇ ಸಾಕ್ಷಿ ಕಣಯ್ಯ, ಸಹಿ ಹಾಕು, ನೀನೂ ಉಳೀತೀಯ ಗೇಟೂ ಉಳಿಯುತ್ತೆ ಎಂದರು. ನಿಜ ಹೇಳಿದರೆ ಮೊದಲು ಹೋಗುವುದು ನಿನ್ನ ಕೆಲಸ, ಆಮೇಲೆ ಪಿಂಚಣಿ ಎಂದೂ ಹೇಳಿದರು. ಅವಳ ಹಣೆಯಲ್ಲಿ ಅಷ್ಟೇ ಬರೆದಿತ್ತು ಬಿಡು ಎಂದರು. ಬರೆದವನು ನಾನು ಸಾರ್, ಬಾಗಿಲು ಹಾಕಿಸಿದವರು ನೀವು, ಇದರಲ್ಲಿ ವಿಧಿಯನ್ನು ಯಾಕೆ ಎಳೀತೀರಿ ಎಂದೆ. ಎರಡು ದಿನ ಯೋಚಿಸು ಎಂದು ಕಳಿಸಿದರು.

17ರಂದು ಬೆಳಿಗ್ಗೆ 7-00ಕ್ಕೆ ಒಗೆದ ಬಟ್ಟೆ ಬಂತು. 212 ಅಂಗಿ. ಪ್ರತಿಯೊಂದರ ಕಾಲರಿನ ಒಳಗೆ, ಕತ್ತಿಗೆ ತಾಗುವಲ್ಲಿ, ಕಪ್ಪು ಶಾಯಿಯಲ್ಲಿ 12-45 ಎಂದಿತ್ತು. ಆ ಹೆಂಗಸರಿಗೆ ಅಂಕಿ ಓದಲು ಬಾರದು. ಹಣೆಯಲ್ಲಿ ಕಂಡದ್ದನ್ನು ಚಿತ್ರದಂತೆ ತಿದ್ದಿದ್ದಾರೆ. ನಾನು ನಾಲ್ಕಕ್ಕೆ ಬಾಲ ಎಳೆಯುತ್ತೇನೆ, ಆ ಬಾಲವೂ ಇತ್ತು. ಬೇರೆ ಅಂಗಿ ಇಲ್ಲದ್ದರಿಂದ ಎಲ್ಲರೂ ತೊಟ್ಟರು. ಆಡಳಿತದ ಅಧಿಕಾರಿಯೂ ತೊಟ್ಟರು. ಆ ದಿನ ಅಡುಗೆಯವನು ನನ್ನನ್ನು ಹಂಗಿಸಲಿಲ್ಲ.

ಇಲ್ಲಿಯವರೆಗೆ ನನಗೆ ಅರ್ಥವಾಗುತ್ತದೆ. ಮುಂದಿನದು ಅರ್ಥವಾಗುವುದಿಲ್ಲ, ಆದರೂ ಹೇಳುತ್ತೇನೆ. ಪಟ್ಟಿ ಕಟ್ಟುವಾಗ ನಾನು ತೊಟ್ಟಿದ್ದ ಅಂಗಿಗೆ ಅವಳ ರಕ್ತ ಮೆತ್ತಿತ್ತು. ಅದನ್ನು ಒಗೆಯಲು ಕೊಡಲಿಲ್ಲ. ನಾನೇ ಒಗೆದು, ನನ್ನ ಕೋಣೆಯೊಳಗೆ ಒಣಹಾಕಿ ಬೀಗ ಜಡಿದಿದ್ದೆ. ಕೀಲಿ ನನ್ನ ಬಳಿ ಮಾತ್ರ ಇದೆ. ನಿನ್ನೆ, 18ರಂದು, ತೆಗೆದು ನೋಡಿದೆ. ಕಿತ್ತುಹೋಗಿದ್ದ ಮೂರನೆಯ ಗುಂಡಿ ಹೊಲಿದಿತ್ತು. ಕಾಲರು ತಿರುಗಿಸಿದೆ. ಅಲ್ಲಿ 9-15 ಎಂದಿತ್ತು. ಅದರಲ್ಲಿ ಬಾಲ ಎಳೆಯುವ ನಾಲ್ಕು ಇಲ್ಲದ್ದರಿಂದ ಅದು ಯಾರ ಕೈ ಎಂದು ಹೇಳಲಾರೆ. ಅಂಗಿಯನ್ನು ಹಾಜರುಪಡಿಸಿದ್ದೇನೆ.

ಆದ್ದರಿಂದ ಪಟ್ಟಿ ಕಟ್ಟಿದ್ದು 9-15ಕ್ಕೆ. 12-45 ನನ್ನ ತಪ್ಪು. ನಡುವಿನ ಮೂರೂವರೆ ಗಂಟೆಯಲ್ಲಿ ಮೂರು ಗಂಟೆ ಗೇಟಿನದು. ಅಧಿಕಾರಿಯ ಕಾಗದಕ್ಕೆ ನಾನು ಸಹಿ ಹಾಕಿಲ್ಲ, ಹಾಕುವುದೂ ಇಲ್ಲ.

ಹೇಳಿಕೆ ಬರೆದುಕೊಳ್ಳುತ್ತಿರುವ ಪೊಲೀಸಿನವರ ಬಟ್ಟೆಯೂ ಆ ಹೆಂಗಸರ ಬಳಿಗೇ ಹೋಗುತ್ತದೆ. ಅವರು ಆಗಿನಿಂದ ಕತ್ತಿನ ಹಿಂಭಾಗ ತುರಿಸಿಕೊಳ್ಳುತ್ತಿದ್ದಾರೆ. ಅದನ್ನೂ ಬರೆದುಕೊಳ್ಳಿ ಎಂದೆ. ಬರೆದುಕೊಂಡಿದ್ದಾರೆ.

ಬರೆದದ್ದನ್ನು ನನಗೆ ಓದಿ ಕೇಳಿಸಿದರು. ನಾನು ಹೇಳಿದಂತೆಯೇ ಇದೆ, ನನ್ನ ತಪ್ಪೂ ಸೇರಿ.

ಸ್ಥಳ: ಶಿಬಿರದ ಸೇನಾ ಪೊಲೀಸ್ ಕೋಣೆ
ದಿನಾಂಕ: 19
ಸಮಯ: ಗೋಡೆ ಗಡಿಯಾರದಲ್ಲಿ 11-20. ನನ್ನ ಕೈಗಡಿಯಾರದಲ್ಲೂ ಈಗ 11-20.
(ಸಹಿ)
ವೈದ್ಯಕೀಯ ಸಹಾಯಕ